ನೀರಿನಡಿ ಸಿಕ್ಕ ಹಳೇ ಬಾಟಲಿ: ತಿಕ್ಕಿ ತೊಳೆಯೋ ಮೊದಲು ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಕಲಬುರಗಿಯ ಜೇವರ್ಗಿ ಕಾಲೋನಿಯ ಒಬ್ಬ ಕೇಳುಗ. ಮೊದಲು ಅವರ ಮಾತಲ್ಲೇ ಕೇಳಿ.

"ಅಕ್ಕಾರ, ರೀಲ್ಸ್‌ನಾಗ ಒಬ್ಬಾಂವ ನೀರಾಗ ಮುಳುಗಿ ನೂರು ವರ್ಷದ ಹಳೇ ಬಾಟ್ಲಿ ತಗೀತಾನ್ರಿ. ಮ್ಯಾಲ ಬಂದು ಆ್ಯಸಿಡ್ ಹಾಕಿ ತಿಕ್ಕಿ ಫಳಫಳ ಮಾಡ್ತಾನ. ನಾವು ದೋಸ್ತರೆಲ್ಲ ಮುರ್ಡೇಶ್ವರಕ್ಕ ಸ್ಕೂಬಾ ಮಾಡ್ಲಿಕ್ಕಿ ಹೊಂಟೀವಿ. ಅಂಥಾದ್ದೇನರ ಸಿಕ್ಕರ ತರಬಹುದೇನ್ರಿ? ತಂದ್ರ ಹ್ಯಾಂಗ ತೊಳೀಬೇಕು?"

ಎರಡು ಪ್ರಶ್ನೆ. ತರಬಹುದಾ? ತೊಳೆಯೋದು ಹೇಗೆ? ಎರಡಕ್ಕೂ ಉತ್ತರ ಇದೆ. ಆದ್ರೆ ಎರಡರ ಹಿಂದೆ ಇರೋದು ಒಂದೇ ಮಾತು: ಬಾಟಲಿ ಮೇಲಿನ ಕೊಳೆ ಅಂತ ನಾವು ಅಂದುಕೊಂಡಿದ್ದರಲ್ಲಿ ಎಷ್ಟೋ ಭಾಗ ಕೊಳೆ ಅಲ್ಲ. ಅದು ಮಾಹಿತಿ. ಕೆಲವು ಸಲ ಅದು ಬಾಟಲಿಯೇ.

ಬಾಟಲಿ ನೀರಿಗೆ ಬಂದದ್ದು ಹೇಗೆ?

ಕಸದ ಗಾಡಿ ಮನೆ ಬಾಗಿಲಿಗೆ ಬರದ ಕಾಲದಲ್ಲಿ ಕಸ ಹೋಗ್ತಿದ್ದದ್ದು ಹಿತ್ತಲಿನ ಗುಂಡಿಗೆ, ಹಾಳುಬಾವಿಗೆ, ಇಲ್ಲಾ ಹೊಳೆಗೆ. ಬಂದರುಗಳಲ್ಲಿ ಲಂಗರು ಹಾಕಿದ ಹಡಗಿನವರು ಖಾಲಿ ಬಾಟಲಿಗಳನ್ನ ಸೀದಾ ನೀರಿಗೆ ಎಸೀತಿದ್ರು. ಅದಕ್ಕೇ ಬ್ರಿಟನ್, ಅಮೆರಿಕದಲ್ಲಿ ಬಾಟಲಿ ಹುಡುಕೋ ಡೈವರ್‌ಗಳು ಹಳೇ ಧಕ್ಕೆ, ಹಳೇ ಸೇತುವೆ, ಹಡಗು ನಿಲ್ಲುತ್ತಿದ್ದ ಜಾಗಗಳನ್ನ ನಕ್ಷೆಯಲ್ಲಿ ಮೊದಲು ಗುರುತು ಮಾಡ್ಕೋತಾರೆ.

ಮುಳುಗಿದ ಹಡಗಿನ ಕಥೆ ಬೇರೆ. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ, ಫಿನ್‌ಲ್ಯಾಂಡ್‌ನ ಓಲಾಂಡ್ ದ್ವೀಪಗಳ ಹತ್ತಿರ, ಡೈವರ್‌ಗಳಿಗೆ ಒಂದು ಹಡಗಿನ ಅವಶೇಷದಲ್ಲಿ 168 ಶಾಂಪೇನ್ ಬಾಟಲಿ ಸಿಕ್ಕವು. 19ನೇ ಶತಮಾನದ ಮಾಲು. ತಳದ ತಣ್ಣನೆ ಕತ್ತಲಲ್ಲಿ ಕೆಲವು ಬಾಟಲಿಗಳ ಒಳಗಿನ ಶಾಂಪೇನ್ ರುಚಿ ನೋಡೋ ಮಟ್ಟಿಗೆ ಉಳಿದಿತ್ತು. ಆದ್ರೆ ಆ ಬಾಟಲಿಗಳನ್ನ ಸಿಕ್ಕವರು ಹಂಚಿಕೊಂಡು ಮನೆಗೆ ಒಯ್ಯಲಿಲ್ಲ. ಅವು ಓಲಾಂಡ್ ಸರ್ಕಾರದ ವಶಕ್ಕೆ ಹೋದವು, ಸಂಶೋಧಕರು ಪರೀಕ್ಷೆ ಮಾಡಿದ್ರು.

ಮಂಗಳೂರು ಹೆಂಚು, ಗೋವಾ ಸಮುದ್ರ

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಗೋವಾಕ್ಕೇ ಬನ್ನಿ. ಅಲ್ಲಿನ ದೋನಾ ಪಾವ್ಲಾದಲ್ಲಿರೋ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಂಚಿ ರೀಫ್ ಅನ್ನೋ ಬಂಡೆಸಾಲಿನಲ್ಲಿ ಮುಳುಗಿ ಹುಡುಕಿದಾಗ ಸಿಕ್ಕಿದ್ದು ತೋಪು, ಚೀನಾದ ಪಿಂಗಾಣಿ, ಆನೆ ದಂತ, ನೀರಾನೆಯ ಹಲ್ಲು. ಅದರ ಜೊತೆ ಗಾಜಿನ ಬಾಟಲಿಗಳ ತಳ. ಇಡೀ ಬಾಟಲಿ ಅಲ್ಲ, ಒಡೆದ ತಳ ಮಾತ್ರ. ರೀಲ್ಸ್‌ನವನು ಅದನ್ನ ಮುಟ್ಟೋದೂ ಇಲ್ಲ. ಆದ್ರೆ ಆ ಚೂರು ದಂತದ ಪಕ್ಕ, ಪಿಂಗಾಣಿಯ ಪಕ್ಕ ಬಿದ್ದಿತ್ತು ನೋಡಿ, ಅದಕ್ಕೇ ಬೆಲೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅದು 17ನೇ ಶತಮಾನದ ಆರಂಭದ ಪೋರ್ಚುಗೀಸ್ ವ್ಯಾಪಾರದ ಹಡಗು ಅನ್ನೋ ತೀರ್ಮಾನಕ್ಕೆ ಬರೋಕಾಯ್ತು.

ಗೋವಾದ್ದೇ ಇನ್ನೊಂದು ಜಾಗ ಸೇಂಟ್ ಜಾರ್ಜ್ ರೀಫ್. ಅಲ್ಲಿ ತಳದಲ್ಲಿ ಸಿಕ್ಕಿದ್ದು ಸುಟ್ಟ ಮಣ್ಣಿನ ಹೆಂಚು, ಇಟ್ಟಿಗೆ, ನೀರಿನ ಕೊಳವೆ. ಮೇಲೆ ಅಚ್ಚೊತ್ತಿದ್ದು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಹೌದು, ನಮ್ಮ ಮಂಗಳೂರು ಹೆಂಚಿಗೆ ಹೆಸರು ತಂದ ಅದೇ ಬಾಸೆಲ್ ಮಿಷನ್.

ಈಗ ನೀವು ಹೇಳಿ, ಆ ಹಡಗು 1865ರಲ್ಲಿ ಮುಳುಗಿತಾ? ಹಾಗೇನಿಲ್ಲ! 1865 ಅನ್ನೋದು ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಇಸವಿ ಹೆಂಚಿನ ಮೇಲೆ ಬೀಳ್ತಾ ಹೋಯ್ತು. ಹಡಗು ಮುಳುಗಿದ್ದು 1865ಕ್ಕೆ ಮುಂಚೆ ಅಲ್ಲ ಅಂತಷ್ಟೇ ಆ ಅಂಕಿ ಹೇಳುತ್ತೆ. ಬಾಟಲಿಗೂ ಇದೇ ನಿಯಮ. ಗಾಜಿನ ಮೇಲೆ ಉಬ್ಬಿ ಬಂದಿರೋ ಇಸವಿ ಕಂಪನಿ ಹುಟ್ಟಿದ್ದೋ, ಪೇಟೆಂಟ್ ಸಿಕ್ಕಿದ್ದೋ ಇರಬಹುದು. ಅದನ್ನೇ ಬಾಟಲಿಯ ಹುಟ್ಟುಹಬ್ಬ ಅಂದುಕೊಳ್ಳಬೇಡಿ.

ಹಾಗಾದ್ರೆ ವಯಸ್ಸು ತಿಳಿಯೋದು ಹೇಗೆ?

ಬೆರಳಿಂದ. ಬಾಟಲಿಯ ಪಕ್ಕದಲ್ಲಿ ಒಂದು ಸಣ್ಣ ಗೆರೆ ಇರುತ್ತೆ, ಅಚ್ಚಿನ ಎರಡು ಭಾಗ ಕೂಡಿದ ಗುರುತು. ಅದರ ಮೇಲೆ ಬೆರಳಾಡಿಸ್ತಾ ಮೇಲಕ್ಕೆ ಹೋಗಿ. ಗೆರೆ ಬಾಯಿಯ ಅಂಚಿನವರೆಗೂ ಹೋದ್ರೆ ಅದು ಹೆಚ್ಚಾಗಿ ಯಂತ್ರದಲ್ಲಿ ಆದ ಬಾಟಲಿ, ಅಂದ್ರೆ 20ನೇ ಶತಮಾನದ್ದು. ಕತ್ತಿನಲ್ಲೇ ನಿಂತು ಹೋದ್ರೆ ಬಾಯಿಯನ್ನ ಆಮೇಲೆ ಕೈಯಿಂದ ಮಾಡಿದ್ದಾರೆ, ಹೆಚ್ಚಾಗಿ ಅದಕ್ಕಿಂತ ಹಳೇದು. ತಳದಲ್ಲಿ ಒರಟಾದ ಗಾಯದಂಥ ಗುರುತಿದ್ರೆ ಇನ್ನೂ ಹಳೇದಿರಬಹುದು. ಅದು ಬಾಟಲಿ ಮಾಡೋವಾಗ ಕಬ್ಬಿಣದ ಸಲಾಕೆ ಅಂಟಿಸಿದ್ದ ಜಾಗ.

ಆಕಾರವೂ ಮಾತಾಡುತ್ತೆ. ತಳ ದುಂಡಗೆ ಇದ್ದು ನಿಲ್ಲೋಕೇ ಬರದ ಬಾಟಲಿ ನೋಡಿದ್ರೆ ನಗಬೇಡಿ. ಅದು ಹಳೇ ಸೋಡಾ ಬಾಟಲಿ. ಮಲಗಿಸಿಯೇ ಇಡಬೇಕು, ಆಗ ಬೆಂಡಿನ ಬಿರಡೆ ಒದ್ದೆಯಾಗೇ ಇರುತ್ತೆ, ಒಣಗಿ ಕುಗ್ಗಲ್ಲ, ಗ್ಯಾಸ್ ಸೋರಲ್ಲ.

ಆಮೇಲೆ ನಮ್ಮ ಗೋಲಿ ಸೋಡಾ. ಬೇಸಿಗೇಲಿ ಕಲಬುರಗಿಯವರಿಗೆ ಇದರ ಪರಿಚಯ ನಾನು ಮಾಡಿಸಬೇಕಾಗಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ತಲೆಕೆಳಗು ಮಾಡಿ ತುಂಬ್ತಾರೆ. ಗೋಲಿ ಬಾಯಿಗೆ ಬಂದು ಕೂರುತ್ತೆ, ಒಳಗಿನ ಗ್ಯಾಸ್ ಅದನ್ನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತೆ. ಬೇರೆ ಮುಚ್ಚಳವೇ ಬೇಡ. ಗೋಲಿ ಆಸೆಗೆ ಹುಡುಗರು ಒಡೆದು ಹಾಕಿದ್ದೇ ಜಾಸ್ತಿ. ಹಾಗಾಗಿ ಹಳೇದು ಇಡಿಯಾಗಿ ಸಿಗೋದು ಕಷ್ಟ.

ನೇತ್ರಾಣಿಯಲ್ಲಿ ಕಂಡ್ರೆ?

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಕರ್ನಾಟಕದ ಹೆಸರಾಂತ ಸ್ಕೂಬಾ ತಾಣ. ಮಳೆಗಾಲದಲ್ಲಿ ಬಂದ್. ಮೊದಲ ಸಲ ಹೋಗೋರು ಸಾಮಾನ್ಯವಾಗಿ ಮಾಡೋದು ಪರಿಚಯ ಡೈವ್: ತರಬೇತುದಾರರು ಜೊತೆಗೇ ಇರ್ತಾರೆ, 12 ಮೀಟರ್‌ಗಿಂತ ಕೆಳಗೆ ಹೋಗೋ ಹಾಗಿಲ್ಲ. ನಿಮ್ಮ ಕೆಲಸ ಒಂದೇ, ಉಸಿರಾಡ್ತಾ ಇರೋದು. ಬಾಟಲಿ ಕಂಡು ಬಗ್ಗಿ ಕೆದಕಿದ್ರೆ ಹೂಳು ಎದ್ದು ಎದುರಿಗೆ ಏನೂ ಕಾಣಲ್ಲ. ಗಾಬರಿಯಾಗಿ ಉಸಿರು ಹಿಡಿದು ಸರ್ರನೆ ಮೇಲೆ ಬಂದ್ರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಒಂದು ಬಾಟಲಿಗೆ ಅಷ್ಟು ಬೆಲೆ ಕೊಡಬೇಕಾ?

ಇನ್ನು ಕಾನೂನು. ಬಾಟಲಿ ಮೇಲೆ ಹವಳ ಬೆಳೆದಿದ್ರೆ ಹುಷಾರು. ಬಂಡೆ ಕಟ್ಟೋ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇದೆ, ಹುಲಿಗೆ ಇರೋ ಹಾಗೆ. ಒಳಗೆ ಸಣ್ಣ ಮೀನೋ ಆಕ್ಟೋಪಸ್ಸೋ ಸಂಸಾರ ಹೂಡಿರಲೂಬಹುದು. ಅದೇ 1972ರ ಇನ್ನೊಂದು ಕಾಯ್ದೆ ಪುರಾತನ ವಸ್ತುಗಳದ್ದು. ನೂರು ವರ್ಷ ದಾಟಿದ, ಇತಿಹಾಸದ ಮಹತ್ವ ಇರೋ ವಸ್ತು ಅದರಡಿ ಬರುತ್ತೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ, ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ. ಪ್ರತಿ ಹಳೇ ಸೋಡಾ ಬಾಟಲಿಯೂ ಪುರಾತನ ವಸ್ತು ಅಂತಲ್ಲ. ಆದ್ರೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡೋದು ಪುರಾತತ್ವ ಇಲಾಖೆ, ನಾವಲ್ಲ. ಹಡಗಿನ ಅವಶೇಷವಂತೂ ಸಿಕ್ಕವರ ಸೊತ್ತೇ ಅಲ್ಲ, ಸರ್ಕಾರಕ್ಕೆ ತಿಳಿಸಲೇಬೇಕು.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ತರಬೇಡಿ. ಫೋಟೊ ತೆಗೀರಿ, ಎಷ್ಟು ಆಳ, ಅಕ್ಕಪಕ್ಕ ಏನಿತ್ತು ಅಂತ ನೆನಪಿಟ್ಟು ತರಬೇತುದಾರರಿಗೆ ಹೇಳಿ. ಪಕ್ಕದಲ್ಲಿ ಇನ್ನೂ ನಾಲ್ಕು ಬಾಟಲಿ, ಮರದ ಹಲಗೆ ಇದ್ರೆ ಅದು ಕಸ ಅಲ್ಲ, ಹಡಗೇ ಇರಬಹುದು. ಅದನ್ನ ನೋಡಬೇಕಾದವರು ಪುರಾತತ್ವದವರು.

ತೊಳೆಯೋದು: ಫರ್ಸಿ ಕಲ್ಲಿನ ಪಾಠ

ಹಾಗಂತ ಎರಡನೇ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ನಿಮ್ಮ ಅಜ್ಜನ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ ಹಳೇ ಬಾಟಲಿ ಇದ್ದೇ ಇರುತ್ತೆ. ಬಾಂಬೆ–ಮದ್ರಾಸ್ ರೈಲು ಹಾದಿ 1871ರಲ್ಲಿ ರಾಯಚೂರಲ್ಲಿ ಕೂಡಿದ ಮೇಲೆ ಒಳನಾಡಿನ ಕಲಬುರಗಿಗೂ ಬಾಟಲಿ ಮಾಲು ಬರೋದು ಸಲೀಸಾಯ್ತು. ಅಂಥ ಮನೆಯ ಬಾಟಲಿಗೆ ಈ ಕ್ರಮ.

ಮೊದಲು ಒಂದು ರಸಾಯನಶಾಸ್ತ್ರ. ನಿಮ್ಮ ಮನೆ ನೆಲದ ಶಹಾಬಾದ್ ಕಲ್ಲು, ಫರ್ಸಿ ಅಂತೀರಲ್ಲ, ಅದರ ಮೇಲೆ ನಿಂಬೆ ರಸ ಬಿದ್ರೆ ಕಲೆ ಕೂರುತ್ತೆ. ಯಾಕೆ? ಅದು ಸುಣ್ಣದ ಕಲ್ಲು, ಹುಳಿ ಅದನ್ನ ತಿನ್ನುತ್ತೆ. ಬಾಟಲಿ ಮೇಲೆ ಕಟ್ಟಿರೋ ಬಿಳಿ ಗಟ್ಟಿ ಪದರ, ಚಿಪ್ಪು, ಬೋರ್‌ವೆಲ್ ನೀರಿನ ಉಪ್ಪು, ಇವೂ ಹೆಚ್ಚಾಗಿ ಅದೇ ಸುಣ್ಣ. ಹಾಗಾಗಿ ಹುಳಿ ಸಾಕು, ಬಲವಾದ ಆ್ಯಸಿಡ್ ಬೇಡ.

ಒಂದನೇದು, ನೋಡಿ. ಬಾಟಲಿ ಮೇಲೆ ಕಾಮನಬಿಲ್ಲಿನಂಥ ಬಣ್ಣ ಹೊಳೀತಿದೆಯಾ, ತೆಳು ಪೊರೆ ಎದ್ದು ಬರ್ತಿದೆಯಾ? ಅಲ್ಲೇ ನಿಲ್ಲಿ. ಅದು ಕೊಳೆ ಅಲ್ಲ. ನೀರು ವರ್ಷಗಟ್ಟಲೆ ಗಾಜಿನೊಳಗಿನ ಸೋಡಿಯಂ ಎಳೆದುಕೊಂಡು ಹೋದ ಮೇಲೆ ಉಳಿದ ಗಾಜಿನ ಚರ್ಮ. ತಿಕ್ಕಿದ್ರೆ ಬಾಟಲಿಯೇ ಪದರ ಪದರವಾಗಿ ಉದುರುತ್ತೆ. ಹುಳಿಯೂ ಬೇಡ, ಬ್ರಷ್ಷೂ ಬೇಡ.

ಎರಡು, ಸಮುದ್ರದಿಂದ ಬಂದ ಗಾಜು ಒಣಗಬಾರದು. ಸಂಗ್ರಹಾಲಯಗಳು ಅದನ್ನ ನೀರಲ್ಲೇ ಇಟ್ಟು, ಸಮುದ್ರದ ನೀರಿಗೆ ಸಿಹಿನೀರು ಬೆರೆಸ್ತಾ, ಬದಲಿಸ್ತಾ ವಾರಗಟ್ಟಲೆ ಉಪ್ಪು ಇಳಿಸ್ತಾರೆ. ಹಾಗೇ ಒಣಗಿಸಿದ್ರೆ ಒಳಗಿನ ಉಪ್ಪು ಹರಳುಗಟ್ಟಿ ಗಾಜನ್ನ ಸೀಳುತ್ತೆ.

ಮೂರು, ಅಟ್ಟದ ಗಟ್ಟಿಮುಟ್ಟಾದ ಬಾಟಲಿಯಾದ್ರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮಕ್ಕಳ ಹಾಲಿನ ಬಾಟಲಿ ಬ್ರಷ್. ಕುದಿಯೋ ನೀರು ಹಾಕಿದ್ರೆ ಟಪ್ ಅಂತ ಬಿರುಕು. ಕಾಗದದ ಲೇಬಲ್ ಇದ್ರೆ ಹೊರಗೆ ನೀರು ಮುಟ್ಟಿಸಬೇಡಿ.

ನಾಲ್ಕು, ಬಿಳಿ ಪದರ ಹೋಗದಿದ್ರೆ ಅಡುಗೆಯ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ನೆನೆಹಾಕಿ. ಸಣ್ಣ ಗುಳ್ಳೆ ಬಂದ್ರೆ ಕೆಲಸ ನಡೀತಿದೆ ಅಂತ. ಗಂಟೆಗೊಮ್ಮೆ ನೋಡ್ತಾ ಇರಿ, ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ, ಚಾಕು ಬೇಡ. ಆಮೇಲೆ ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ.

ಐದು, ಬಾತ್‌ರೂಮ್ ಆ್ಯಸಿಡ್ ಬೇಡವೇ ಬೇಡ. ಅದರ ಹೊಗೆ ಎದೆ ಸುಡುತ್ತೆ, ಬ್ಲೀಚ್ ಜೊತೆ ಸೇರಿದ್ರೆ ಕ್ಲೋರಿನ್ ಅನಿಲ. ಮತ್ತೆ, ಬಿರಡೆ ಇರೋ ಬಾಟಲಿ ತೆಗೆದು ಮೂಸಬೇಡಿ. ಕಡುನೀಲಿ ಗಾಜು, ಮೈಯೆಲ್ಲಾ ಗೀರು ಅಂದ್ರೆ ಹೆಚ್ಚಾಗಿ ವಿಷದ ಬಾಟಲಿ. ಕತ್ತಲಲ್ಲಿ ಕೈಗೇ ಗೊತ್ತಾಗಲಿ ಅಂತ ಹಾಗೆ ಮಾಡ್ತಿದ್ರು.

ಕೊನೆಗೆ, ನಮ್ಮೂರ ನೀರಿನ ಮಾತು

ಸಮುದ್ರ ದೂರ, ಇಲ್ಲೇ ಮುಳುಗಿ ನೋಡೋಣ ಅಂತ ಅನ್ನಿಸಬಹುದು. ಶಹಾಬಾದ್ ಸುತ್ತಿನ ಕಲ್ಲಿನ ಖಣಿಗಳಲ್ಲಿ ನಿಂತ ನೀರು ತಿಳಿಯಾಗಿ ಕಾಣುತ್ತೆ, ಆದ್ರೆ ದಡ ಅನ್ನೋದೇ ಇಲ್ಲ, ನೆಟ್ಟಗೆ ಗೋಡೆ, ಹತ್ತಿ ಬರೋಕೆ ಜಾಗ ಇಲ್ಲ. ಹಾಳುಬಾವಿಯಲ್ಲಿ ಉಸಿರಾಡೋ ಗಾಳಿಯೇ ಇಲ್ಲದಿರಬಹುದು. ಕಲಬುರಗಿ ಕೋಟೆಯ ಕಂದಕವಂತೂ ಸಂರಕ್ಷಿತ ಸ್ಮಾರಕದ ಭಾಗ. ಮೂರರಲ್ಲೂ ಇಳಿಯಬೇಡಿ. ಮನೆ ಪಾಯ ತೋಡುವಾಗ ಹಳೇದೇನಾದ್ರೂ ಸಿಕ್ಕಿದ್ರೆ ಜಿಲ್ಲಾಧಿಕಾರಿ ಕಚೇರಿಗೋ, ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಮೊದಲು ತಿಳಿಸಿ. ತೊಳೆಯದೇ, ಮಣ್ಣು ಮೆತ್ತಿಕೊಂಡಿರೋ ಹಾಗೇ ತೋರಿಸಿ. ಆ ಮಣ್ಣಲ್ಲೂ ಕಥೆ ಇರುತ್ತೆ.

ನಿಮ್ಮ ಮನೆ ಅಟ್ಟದಲ್ಲಿ ಗೋಲಿ ಇನ್ನೂ ಒಳಗಿರೋ ಬಾಟಲಿ ಇದ್ರೆ ಫೋಟೊ ಕಳಿಸಿ. ಅಚ್ಚಿನ ಗೆರೆ ಎಲ್ಲಿ ನಿಂತಿದೆ ಅಂತ ಬೆರಳಾಡಿಸಿ ನೋಡಿ, ಅದನ್ನೂ ಬರೀರಿ. ಮುರ್ಡೇಶ್ವರಕ್ಕೆ ಹೊರಟ ದೋಸ್ತರಿಗೆಲ್ಲ ಶುಭಪ್ರಯಾಣ.