ರೆಕ್ಕೆ ಮುಚ್ಚುವ ಮುನ್ನ

ಮನೆಗೆ ಮೋಲ್ಡ್ ಹಾಕುವ ಹಿಂದಿನ ದಿನ ಎಲ್ಲರ ಕಣ್ಣೂ ಎಲೆಕ್ಟ್ರಿಷಿಯನ್ ದಾರಿಯ ಮೇಲಿರುತ್ತದೆ. ಸೆಂಟ್ರಿಂಗ್ ಆಗಿ, ಕಬ್ಬಿಣ ಕಟ್ಟಿ ಆಗಿರುತ್ತದೆ. ಕಾಂಕ್ರೀಟ್ ಬೀಳುವ ಮೊದಲೇ ಆ ಕಬ್ಬಿಣದ ನಡುವೆ ಪೈಪು ಎಳೆದು, ಫ್ಯಾನ್ ಬಾಕ್ಸ್ ಕೂರಿಸಿ ಮುಗಿಸಬೇಕು. ನಮ್ಮ ಮನೆಯಲ್ಲಿ ಹಿಂದಿನ ಕೋಣೆಯ ಒಂದು ಬಾಕ್ಸ್ ಬಿಟ್ಟುಹೋಗಿತ್ತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ತೂತು ಕೊರೆದು, ವೈರನ್ನು ಗೋಡೆಯ ಹೊರಗೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ತರಬೇಕಾಯಿತು. ಮನೆಗಾದರೆ ಇಷ್ಟರಲ್ಲೇ ಮುಗಿಯಿತು. ವಿಮಾನದ ರೆಕ್ಕೆಯೊಳಗೆ ಒಂದು ವೈರು ಬಿಟ್ಟುಹೋದರೆ ಹೊರಗೆ ಪಟ್ಟಿ ಹೊಡೆಯಲು ಬರುವುದಿಲ್ಲ.

ವಿಮಾನದ ಮಾತು ನಮ್ಮ ಸೀಮೆಗೆ ದೂರದ್ದಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಪೈಲಟ್ ಇಲ್ಲದ ರುಸ್ತುಂ-2 ಇಲ್ಲಿಂದ ಮೊದಲ ಬಾರಿಗೆ ಹಾರಿತ್ತು. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿದ್ದ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರು ಅದು. ಅವರ ತಂಡ 1980ರ ದಶಕದಲ್ಲಿ ಮೂತಿಯ ಬಳಿ ಪುಟ್ಟ ರೆಕ್ಕೆ, ಬೆನ್ನಿಗೆ ಎಂಜಿನ್ ಇದ್ದ ಹಗುರ ವಿಮಾನವೊಂದನ್ನು ರೂಪಿಸಿತ್ತು. ರುಸ್ತುಂ-1 ಹುಟ್ಟಿದ್ದು ಅದರಿಂದ. ಅದರ ಬೇರನ್ನು ಹುಡುಕಿಕೊಂಡು ಹೋದರೆ ಸಿಗುವುದು ಅಮೆರಿಕದ ಬರ್ಟ್ ರುಟಾನ್ 1979ರಲ್ಲಿ ಹಾರಿಸಿದ ಲಾಂಗ್-ಈಝಡ್. ನಕ್ಷೆ ಕೊಂಡು, ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳುವ ವಿಮಾನ!

ಲಾಂಗ್-ಈಝಡ್ ರೆಕ್ಕೆ ಕಟ್ಟುವ ಬಗೆಯನ್ನು ನೋಡಿ. ಫೋಮಿನ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ಯುತ್ತಾರೆ. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟನ್ನು ಹಚ್ಚಿ ಹೀರಿಸುತ್ತಾರೆ. ಅಂಟು ಒಣಗಿತೆಂದರೆ ಒಳಗಿನದು ಒಳಗೇ. ಬಿಚ್ಚಲು ಸ್ಕ್ರೂ ಇಲ್ಲ, ಇಣುಕಲು ಸಂದಿಲ್ಲ. ಹಾಗಾಗಿ ರೆಕ್ಕೆತುದಿಯ ದೀಪಕ್ಕೆ ಹೋಗುವ ವೈರಿನ ಹಾದಿಯನ್ನು ಬಟ್ಟೆ ಹಾಸುವ ಮೊದಲೇ ಫೋಮಿನಲ್ಲಿ ತೋಡಿರಬೇಕು. ರೇಡಿಯೋದ ಆಂಟೆನಾ ಕೂಡ ಹೀಗೆಯೇ ಒಳಗೆ ಹುದುಗುತ್ತದೆ. ಗಾಜಿನ ನಾರು ರೇಡಿಯೋ ಅಲೆಗಳನ್ನು ತಡೆಯುವುದಿಲ್ಲವಾದ್ದರಿಂದ ತಾಮ್ರದ ತೆಳು ಪಟ್ಟಿಯೊಂದನ್ನು ರೆಕ್ಕೆತುದಿಯ ಚರ್ಮದಡಿ ಅಂಟಿಸಿದರೆ ಸಾಕು, ಹೊರಗೆ ಕಡ್ಡಿ ಚಾಚುವ ಅಗತ್ಯವೇ ಬೀಳದು. ಕಾರ್ಬನ್ ನಾರಿನ ರೆಕ್ಕೆಯಾದರೆ ಈ ಉಪಾಯ ನಡೆಯದು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ, ಅಲೆಗಳನ್ನು ತಡೆಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಬೈಕಿನ ಹಾರ್ನಿಗೋ ಟ್ರ್ಯಾಕ್ಟರಿನ ದೀಪಕ್ಕೋ ಒಂದೇ ವೈರು ಸಾಕಾಗುತ್ತದೆ, ವಾಪಸ್ ದಾರಿಯನ್ನು ಕಬ್ಬಿಣದ ಚಾಸಿಯೇ ಒದಗಿಸುತ್ತದೆ. ಅಲ್ಯೂಮಿನಿಯಂ ವಿಮಾನಕ್ಕೂ ಮೈಯೇ ಅರ್ತ್. ಫೋಮು, ಗಾಜಿನ ರೆಕ್ಕೆಯಲ್ಲಿ ಆ ಅನುಕೂಲವಿಲ್ಲ. ಪ್ರತಿ ದೀಪಕ್ಕೂ ಹೋಗುವ ವೈರು ಒಂದು, ಬರುವ ವೈರು ಒಂದು. ತೋಡುವ ಕಾಲುವೆಯ ಅಗಲ ಆಗಲೇ ಲೆಕ್ಕಕ್ಕೆ ಬಂದಿರಬೇಕು.

ಪೈಲಟ್ ಇಳಿದುಬಿಟ್ಟರೆ ವೈರು ಇನ್ನೂ ಹೆಚ್ಚುತ್ತದೆ. ಮನುಷ್ಯ ಕೂತಿದ್ದಾಗ ಕೋಲು ಎಳೆದು, ಪೆಡಲು ತುಳಿದು ಮಾಡುತ್ತಿದ್ದ ಕೆಲಸಕ್ಕೆಲ್ಲ ಈಗ ಒಂದೊಂದು ವಿದ್ಯುತ್ ಮೋಟಾರು. ಅದಕ್ಕೆ ಆಜ್ಞೆ ಒಯ್ಯುವ ವೈರು, ಅದು ಮಾತು ಕೇಳಿತೋ ಇಲ್ಲವೋ ಎಂದು ವರದಿ ತರುವ ವೈರು. ಕಾವಲಿನ ಮೇಲೆ ಹಾರುವ ಮಾನವರಹಿತ ವಿಮಾನಗಳಿಗೆ ನರಮಂಡಲವೆಂದರೆ ಇದೇ.

ಲೋಹದ ಕಿಟ್ ವಿಮಾನದಲ್ಲಿ ತುಸು ಸಡಿಲವಿದೆ. ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್‌ಗಳಿಂದ ಕಟ್ಟಿದ ವಿಮಾನಗಳು ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಹಾರಿವೆ. ಅವುಗಳ ರೆಕ್ಕೆಗೆ ಮೇಲಿನ ತಗಡನ್ನು ರಿವೆಟ್ ಹೊಡೆದು, ಕೆಳಗಿನ ತಗಡನ್ನು ಕೊನೆಯವರೆಗೆ ಬಿಟ್ಟಿರುತ್ತಾರೆ. ಆ ಬಾಯಿ ತೆರೆದಿರುವಾಗಲೇ ಪಕ್ಕೆಲುಬುಗಳ ತೂತಿನಲ್ಲಿ ಪ್ಲಾಸ್ಟಿಕ್ ಕೊಳವೆ ತೂರಿಸಬೇಕು, ಗಾಳಿಯ ವೇಗ ಅಳೆಯುವ ಪಿಟೋ ನಳಿಗೆಯ ಪೈಪು ಹಾಯಿಸಬೇಕು. ತೂತಿನ ಅಂಚಿಗೆ ರಬ್ಬರ್ ಬುಷ್ ಕಡ್ಡಾಯ. ತಗಡಿನ ಅಂಚು ಚಾಕುವಿನಂಥದು, ಎಂಜಿನ್ ಓಡುತ್ತಿರುವಷ್ಟು ಹೊತ್ತೂ ರೆಕ್ಕೆ ನಡುಗುತ್ತದೆ. ನೂರು ಗಂಟೆ ಉಜ್ಜಿಸಿಕೊಂಡ ವೈರಿನ ಹೊದಿಕೆ ಹರಿದು ತಾಮ್ರ ಕಾಣುತ್ತದೆ. ಇದೇ ನಡುಕದ ಕಾರಣಕ್ಕೆ ವೈರಿನ ತುದಿಗಳಿಗೆ ಬೆಸುಗೆಗಿಂತ ಒತ್ತಿ ಕೂರಿಸುವ ಟರ್ಮಿನಲ್ಲೇ ಮೇಲು. ಬೆಸುಗೆಯ ಸೀಸ ಎಳೆಗಳ ಒಳಕ್ಕೆ ಹೀರಿಕೊಂಡು ವೈರು ಸ್ವಲ್ಪ ದೂರ ಕಡ್ಡಿಯಂತಾಗುತ್ತದೆ. ಆ ಬಿರುಸು ಮುಗಿದು ಮೆದು ಶುರುವಾಗುವ ಜಾಗದಲ್ಲೇ ಅದು ಮುರಿಯುವುದು.

ಹಾಗಾದರೆ ಎಲ್ಲವನ್ನೂ ಮೊದಲೇ ತುಂಬಿಬಿಡೋಣವೇ? ಅದೂ ತಪ್ಪು. ಬಿಡುವಿನಲ್ಲಿ ಕಟ್ಟುವವರಿಗೆ ವಿಮಾನ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಮೊದಲ ವರ್ಷ ಕೊಂಡ ರೇಡಿಯೋ, ಪರದೆ ಹಾರುವ ಹೊತ್ತಿಗೆ ಹಳೆಯ ಮಾದರಿಯಾಗಿರುತ್ತವೆ, ವಾರಂಟಿ ತೀರಿರುತ್ತದೆ. ಬ್ಯಾಟರಿ ಸುಮ್ಮನೆ ಕೂತೇ ಸಾಯುತ್ತದೆ. ಮೋಲ್ಡಿಗೆ ಮೊದಲು ಪೈಪು, ಪ್ಲಾಸ್ಟರ್ ಆದ ಮೇಲೆ ವೈರು, ಬಣ್ಣ ಬಳಿದ ಮೇಲೆ ಫ್ಯಾನು ಎನ್ನುವ ನಮ್ಮ ಮನೆಗಳ ಕ್ರಮವೇ ವಿಮಾನಕ್ಕೂ ಸರಿ. ಮುಚ್ಚುವ ಮೊದಲು ಬೇಕಾದದ್ದು ಹಾದಿ. ಉಪಕರಣ ತಡವಾದಷ್ಟೂ ಒಳ್ಳೆಯದು. ಡ್ಯಾಶ್‌ಬೋರ್ಡಿನ ಮೇಲ್ಭಾಗದ ತಗಡನ್ನು ವೈರಿಂಗ್ ಪೂರ್ತಿಯಾಗುವವರೆಗೆ ರಿವೆಟ್ ಹೊಡೆಯದೆ ಬಿಡುವವರು ಜಾಣರು. ತಲೆಕೆಳಗಾಗಿ ನುಗ್ಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೆಲಸ ಮಾಡುವ ಹಿಂಸೆ ಅವರಿಗಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಏರ್‌ಬಸ್‌ನ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವೈರಿತ್ತು. ಚಳ್ಳಕೆರೆಯಿಂದ ಬೆಂಗಳೂರಿಗೆ ಹೋಗಿ ಬಂದರೂ ಮಿಗುವಷ್ಟು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಡಲಿನ ಭಾಗಗಳಿಗೆ ವೈರಿನ ಕಟ್ಟುಗಳನ್ನು ಸಿದ್ಧಮಾಡಿ, ಫ್ರಾನ್ಸಿನ ತುಲೂಸ್‌ಗೆ ತಂದು ಜೋಡಿಸಲು ಹೋದರೆ ವೈರು ಗಿಡ್ಡ! ಎರಡು ಊರಿನವರು ಒಂದೇ ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿ ಬಳಸಿದ್ದರು; ಬಾಗಿದಲ್ಲೆಲ್ಲ ತಗಲುವ ಹೆಚ್ಚಿನ ಉದ್ದದ ಲೆಕ್ಕ ತಾಳೆಯಾಗಲಿಲ್ಲ. 2006ರಲ್ಲಿ ಇದು ಬಯಲಾಗಿ ವಿಮಾನ ಎರಡು ವರ್ಷದಷ್ಟು ತಡವಾಯಿತು.

1998ರ ಸೆಪ್ಟೆಂಬರ್ 2ರಂದು ಕೆನಡಾದ ಕಡಲಿಗೆ ಬಿದ್ದ ಸ್ವಿಸ್‌ಏರ್ 111ರ ಕಥೆ ಇದಕ್ಕಿಂತ ಸಂಕಟದ್ದು. ಅದರಲ್ಲಿದ್ದ 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ರಯಾಣಿಕರ ಮನರಂಜನೆಗೆಂದು ಆ ವಿಮಾನಕ್ಕೆ ನಂತರ ಸೇರಿಸಿದ್ದ ವ್ಯವಸ್ಥೆಯ ವೈರಿನಲ್ಲಿ, ಬೆಂಕಿ ಹುಟ್ಟಿದ ಜಾಗದ ಬಳಿ, ಕಿಡಿ ಹಾರಿದ ಗುರುತು ತನಿಖೆಯವರಿಗೆ ಸಿಕ್ಕಿತು.

ಅನುಭವಿ ಕಟ್ಟುಗರು ವೈರು ಎಳೆದಾದ ಮೇಲೂ ಕೊಳವೆಯೊಳಗೆ ಒಂದು ಬರಿ ದಾರ ಬಿಟ್ಟಿರುತ್ತಾರೆ. ಹತ್ತು ವರ್ಷದ ನಂತರ ಹೊಸ ದೀಪವೋ ಸಂವೇದಕವೋ ಬೇಕೆನಿಸಿದರೆ ಆ ದಾರದ ತುದಿಗೆ ಹೊಸ ವೈರು ಕಟ್ಟಿ, ಆಚೆ ತುದಿಯಿಂದ ಎಳೆದುಕೊಂಡರಾಯಿತು. ಜೊತೆಗೆ ಇನ್ನೊಂದು ದಾರವನ್ನೂ ಕಟ್ಟಿ ಎಳೆದರೆ ಮುಂದಿನವರಿಗೂ ಹಾದಿ ಉಳಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಹಾಸು ನೇಯ್ದು ಮುಗಿದಾಗ ನೇಕಾರರು ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಅಚ್ಚಿನ ಸಂದುಗಳಲ್ಲೇ ತುದಿಗಳನ್ನು ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೆಚ್ಚುತ್ತಾರೆ. ಸಾವಿರಾರು ಎಳೆಗಳಲ್ಲಿ ಒಂದೂ ತಪ್ಪಬಾರದು. ಆಮೇಲೆ ಮೆಲ್ಲಗೆ ಎಳೆಯುತ್ತಾರೆ. ಹಳೆಯ ಎಳೆಯ ಹಿಂದೆ ಹೊಸದು ಅಚ್ಚಿನೊಳಗಿಂದ ಈಚೆ ಬರುತ್ತದೆ.