ಮಾರಿಕಣಿವೆ ಸೀಮೆಯ ಕೆಂಪು, ಪುತ್ತೂರಿನ ಕಪ್ಪು

ಹಿರಿಯೂರಿನ ಸಂತೆಗೆ ರಾಸ್ಪ್‌ಬೆರಿ ಬರುವುದಿಲ್ಲ. ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಅದೇ ಕಥೆ. ಚಿತ್ರದುರ್ಗದ ಯಾವುದಾದರೂ ದೊಡ್ಡ ಅಂಗಡಿಯ ಫ್ರೀಜರಿನಲ್ಲಿ ಕಲ್ಲಾಗಿ ಕೂತ ಪೊಟ್ಟಣ ಕಂಡರೆ ಅದು ಅದೃಷ್ಟ, ಬೆಲೆ ಕೇಳಿದ ಮೇಲೆ ಆ ಅದೃಷ್ಟವೂ ಬೇಡವೆನಿಸುತ್ತದೆ. ಆದರೂ ಊಟ ಮುಗಿದ ಮೇಲೆ ಐಸ್‌ಕ್ರೀಮಿನ ಬದಲು ಚಾಕೊಲೇಟ್ ಮತ್ತು ಕೆಂಪು ಹಣ್ಣಿನ ರಸ ಸೇರಿಸಿದ ಒಂದು ತಣ್ಣನೆಯ ಗ್ಲಾಸು ಕೊಡುವ ಆಸೆ ನಮ್ಮ ಕಡೆಯ ಮನೆಗಳಿಗೂ ಬಂದಿದೆ. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು ಅದನ್ನು ಡೆಸರ್ಟ್ ಕಾಕ್‌ಟೇಲ್ ಎನ್ನುತ್ತಾರೆ. ಮದ್ಯ ಹಾಕಿದರೆ ಕಾಕ್‌ಟೇಲ್, ಬಿಟ್ಟರೆ ಮಾಕ್‌ಟೇಲ್. ಹೋಳಿಗೆಯ ಜೊತೆ ಮಾವಿನ ಸೀಕರಣೆ ಸುರಿದುಕೊಂಡು ಉಂಡವರಿಗೆ ಇದು ತೀರಾ ಹೊಸದೇನಲ್ಲ. ಹಣ್ಣು, ಹಾಲು, ಸಿಹಿ ಮೂರನ್ನೂ ಹದವಾಗಿ ಕೂಡಿಸುವ ಅದೇ ಕೆಲಸ, ಪಾತ್ರೆ ಮಾತ್ರ ಬೇರೆ. ನನ್ನ ವಾದ ಇಷ್ಟೇ: ಈ ಗ್ಲಾಸಿಗಾಗಿ ರಾಸ್ಪ್‌ಬೆರಿಯನ್ನು ಹುಡುಕಿಕೊಂಡು ಅಲೆಯುವುದು ಬೇಡ. ಅದು ಮಾಡುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವ ಹಣ್ಣು ನಮ್ಮ ತಾಲ್ಲೂಕುಗಳಲ್ಲೇ ಬೆಳೆಯುತ್ತದೆ.

ಮೊದಲು ರಾಸ್ಪ್‌ಬೆರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ಅದರ ಕುಲದ ಒಂದು ಗಿಡಕ್ಕೆ ಅಮೆರಿಕದ ಫ್ಲಾರಿಡಾದ ತೋಟಗಾರರಲ್ಲಿ ಬಳಕೆಯಲ್ಲಿರುವ ಹೆಸರು ‘ಮೈಸೂರು ರಾಸ್ಪ್‌ಬೆರಿ’. ಸಸ್ಯಶಾಸ್ತ್ರದ ಹೆಸರು ರೂಬಸ್ ನಿವಿಯಸ್. ಕಾಂಡದ ಮೇಲೆ ಬೂದಿ ಬಳಿದಂಥ ಬಿಳುಪು, ಮೈತುಂಬ ಕೊಕ್ಕೆಮುಳ್ಳು, ಹಣ್ಣಾಗುವಾಗ ಕೆಂಪಾಗಿದ್ದು ಕೊನೆಗೆ ಕಡುನೇರಳೆಗೆ ತಿರುಗುವ ಪುಟಾಣಿ ಕಾಯಿಗೊಂಚಲು. ಪಶ್ಚಿಮ ಘಟ್ಟದ ತಂಪು ಎತ್ತರಗಳಲ್ಲಿ ಬೇಲಿ ಸಾಲಿನಲ್ಲಿ ಅದು ತನ್ನಷ್ಟಕ್ಕೆ ಬೆಳೆದುಕೊಂಡಿರುತ್ತದೆ. ಹವಾಯಿ, ಗಲಾಪಗೋಸ್ ದ್ವೀಪಗಳಿಗೆ ಹೋದದ್ದು ಅಲ್ಲಿನ ಕಾಡನ್ನೇ ನುಂಗುವ ಕಳೆಯಾಗಿ ಕೂತಿದೆ. ಹೀಗೆ ಮೈಸೂರಿನ ಹೆಸರು ಹೊತ್ತು ಸಮುದ್ರ ದಾಟಿದ ಗಿಡ, ಅದೇ ಹಳೆ ಮೈಸೂರು ಸಂಸ್ಥಾನದ ಭಾಗವಾಗಿದ್ದ ಚಿತ್ರದುರ್ಗದ ಬಿಸಿಲಿಗೆ ಮಾತ್ರ ಹೆದರುತ್ತದೆ. ತಂಪು ಬೇಕು, ತೇವ ಬೇಕು. ನಮ್ಮಲ್ಲಿ ಎರಡೂ ಕಡಿಮೆ.

ಬಿಸಿಲೇ ಬೇಕೆನ್ನುವ ಹಣ್ಣು ದಾಳಿಂಬೆ. ಮಳೆ ಕಡಿಮೆಯಾದಷ್ಟೂ ಅದಕ್ಕೆ ಕ್ಷೇಮ. ಮಳೆ ಹಿಡಿದು ಗಾಳಿ ಬೀಸಿದರೆ ದುಂಡಾಣು ಅಂಗಮಾರಿ ರೋಗ ಬಂದು ತೋಟಕ್ಕೆ ತೋಟವೇ ಕಪ್ಪು ಚುಕ್ಕೆಯಾಗುತ್ತದೆ. ಹೊಸದುರ್ಗ, ಹಿರಿಯೂರು ಕಡೆಯ ಬೆಳೆಗಾರರಿಗೆ ಈ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ದಾಳಿಂಬೆಯಿಂದ ಮನೆ ಕಟ್ಟಿದವರೂ ಇದ್ದಾರೆ, ಗಿಡ ಕಿತ್ತು ಅಡಿಕೆ ಇಟ್ಟವರೂ ಇದ್ದಾರೆ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡಗಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಇಂಥ ಸೀಮೆಯಲ್ಲಿ ಹನಿ ನೀರಾವರಿಯ ಪೈಪಿನಡಿ ನಿಂತು ಹಣ್ಣು ಕೊಡುವ ಗಿಡವೆಂದರೆ ಸಣ್ಣ ಮಾತಲ್ಲ.

ಪುಣೆಯ ಕಡೆಯಿಂದ ಬಂದ ಗಣೇಶ್ ತಳಿಯ ಕಾಳು ತಿಳಿ ಗುಲಾಬಿ, ಬೀಜ ಮೆದು, ಬಾಯಿಗೆ ಸಿಹಿ. ತಿನ್ನಲು ಒಳ್ಳೆಯದೇ. ನಮ್ಮ ಗ್ಲಾಸಿಗೆ ಮಾತ್ರ ಭಗ್ವಾ ತಳಿಯೇ ಬೇಕು: ಕಡುಗೆಂಪು ಕಾಳು, ನಾಲಿಗೆಗೆ ತಾಗುವಷ್ಟು ಹುಳಿ. ಇಲ್ಲಿ ಬೆಳೆವ ಊರಿನವರಿಗೆ ಒಂದು ಅನುಕೂಲವಿದೆ. ನೀರು ಏರುಪೇರಾದರೆ ದಾಳಿಂಬೆ ಗಿಡದಲ್ಲೇ ಬಿರಿಯುತ್ತದೆ. ಬಿಸಿಲಿಗೆ ಒಂದು ಮಗ್ಗುಲು ಸುಟ್ಟು ಕಂದಾಗುತ್ತದೆ. ಪೆಟ್ಟಿಗೆಗೆ ಹೋಗದ ಈ ಹಣ್ಣುಗಳು ಅಗ್ಗಕ್ಕೆ ಸಿಗುತ್ತವೆ. ರಸಕ್ಕೆ ಇವೇ ಸಾಕು. ಬಿರುಕಿನ ಬಳಿ ಮೂಗಿಟ್ಟು ನೋಡಿ, ಮುಗ್ಗಲು ವಾಸನೆ ಇದ್ದರೆ ಬಿಟ್ಟುಬಿಡಿ. ಸಿಪ್ಪೆಯ ಮೇಲಿನ ಚುಕ್ಕೆ ಕಾಳಿಗೆ ಇಳಿದಿರದಿದ್ದರೆ ಚಿಂತೆಯಿಲ್ಲ.

ಎರಡು ಗ್ಲಾಸಿಗೆ ಎರಡು ದೊಡ್ಡ ಹಣ್ಣು. ಕಿರೀಟದ ಸುತ್ತ ಚಾಕುವಿನಿಂದ ಗೀರಿ ಮುಚ್ಚಳದಂತೆ ಎತ್ತಿದರೆ ಒಳಗಿನ ಬಿಳಿ ಗೋಡೆಗಳು ಕಾಣುತ್ತವೆ. ಆ ಗೋಡೆಗಳ ನೇರಕ್ಕೆ ಹೊರಗಿನಿಂದ ಗೀರು ಎಳೆದು ಬಿಡಿಸಿದರೆ ಒಂದು ಕಾಳೂ ಒಡೆಯದೆ ಹಣ್ಣು ಹೂವಾಗುತ್ತದೆ. ಬಿಳಿ ಪೊರೆಯನ್ನು ಪೂರ್ತಿ ತೆಗೆಯಬೇಕು, ಒಗರೆಲ್ಲ ಅದರಲ್ಲಿದೆ. ಕಾಳನ್ನು ಮಿಕ್ಸಿಗೆ ಹಾಕಿ ಗರ್ರೆನ್ನಿಸುವುದು ಎಲ್ಲರೂ ಮಾಡುವ ಕೆಲಸ. ಮಾಡಬೇಡಿ. ಬೀಜ ನುರಿದರೆ ಕಹಿ ರಸಕ್ಕೆ ಇಳಿಯುತ್ತದೆ, ಚಾಕೊಲೇಟಿನ ಕಹಿಯ ಜೊತೆ ಸೇರಿ ಅದು ಔಷಧಿಯಾಗುತ್ತದೆ. ತೆಳು ಪಂಚೆಬಟ್ಟೆಯಲ್ಲಿ ಕಟ್ಟಿ ಕೈಯಲ್ಲೇ ಹಿಂಡಿ, ಇಲ್ಲವೇ ಮಿಕ್ಸಿಯನ್ನು ಬಿಟ್ಟು ಬಿಟ್ಟು ಕ್ಷಣಹೊತ್ತು ತಿರುಗಿಸಿ ಸೋಸಿ. ಸುಮಾರು 200 ಮಿಲಿಲೀಟರ್ ಸಿಗುತ್ತದೆ.

ರಸವನ್ನು ಹಾಗೇ ಹಾಕಿದರೆ ಗ್ಲಾಸು ನೀರುನೀರಾಗುತ್ತದೆ. ರಾಸ್ಪ್‌ಬೆರಿಗೆ ತನ್ನದೇ ಗಾಢ ಪರಿಮಳವಿದೆ. ದಾಳಿಂಬೆಗೆ ಅದು ಕಡಿಮೆ, ಇದನ್ನು ಒಪ್ಪಿಕೊಳ್ಳಲೇಬೇಕು. ಆದ್ದರಿಂದ ಎರಡು ಚಮಚ ರಸವನ್ನು ಪಕ್ಕಕ್ಕೆ ಎತ್ತಿಟ್ಟು, ಉಳಿದದ್ದಕ್ಕೆ ಎರಡು ದೊಡ್ಡ ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ. ಒಂದೆಳೆ ಪಾಕಕ್ಕೂ ಮುಂಚಿನ ಹದ ಸಾಕು, ಚಮಚದ ಬೆನ್ನಿಗೆ ತೆಳುವಾಗಿ ಅಂಟಬೇಕು. ಹೆಚ್ಚು ಕುದಿಸಿದರೆ ಕೆಂಪು ಕಂದಾಗಿ ಜಾಮಿನ ರುಚಿ ಬರುತ್ತದೆ. ಇಳಿಸಿ ಆರಿದ ಮೇಲೆ ಅರ್ಧ ನಿಂಬೆಯ ರಸ, ಎತ್ತಿಟ್ಟ ಹಸಿ ರಸ ಎರಡನ್ನೂ ಸೇರಿಸಿ. ಹೋದ ಪರಿಮಳ ಆಗ ಮರಳುತ್ತದೆ. ಜಗತ್ತಿನ ಬಾರ್‌ಗಳಲ್ಲಿ ಗ್ರೆನಡೀನ್ ಎಂದು ಸುರಿಯುವ ಕೆಂಪು ಸಿರಪ್ ಮೂಲದಲ್ಲಿ ಇದೇ ದಾಳಿಂಬೆ ಪಾಕ. ಈಗ ಬಾಟಲಿಯಲ್ಲಿ ಬರುವುದರಲ್ಲಿ ಬಹುಪಾಲು ಬಣ್ಣ ಮತ್ತು ಸಕ್ಕರೆ. ಹಾಗಾಗಿ ಹೊಸದುರ್ಗದ ಹಣ್ಣಿನಿಂದ ಮನೆಯಲ್ಲಿ ಮಾಡಿದ್ದು ನಕಲಲ್ಲ, ಅದೇ ಅಸಲು.

ಬೇಸಿಗೆಯಲ್ಲಾದರೆ ಇನ್ನೊಂದು ಹಾದಿಯಿದೆ. ಕುರುಚಲು ಕಾಡಿನ ಅಂಚಿನಲ್ಲಿ ಕವಳೆ ಹಣ್ಣು ಕಪ್ಪಾಗುವ ಕಾಲ. ಬಾಯಿಗೆ ಹಾಕಿಕೊಂಡರೆ ತುಟಿಗೆ ಹಾಲು ಅಂಟಿ, ನಾಲಿಗೆ ನೇರಳೆಯಾಗಿ, ಹುಳಿ ಸಿಹಿ ಒಗರು ಮೂರೂ ಒಟ್ಟಿಗೆ ಬರುವ ಹಣ್ಣು. ಒಂದು ಹಿಡಿ ಕವಳೆಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಕಿವುಚಿ ಸೋಸಿ ದಾಳಿಂಬೆ ಪಾಕಕ್ಕೆ ಬೆರೆಸಿದರೆ ರಾಸ್ಪ್‌ಬೆರಿಯ ಕಾಡುಗುಣಕ್ಕೆ ಬಹಳ ಹತ್ತಿರ ಹೋಗುತ್ತದೆ. ಚೆನ್ನಾಗಿ ಕಪ್ಪಾದ ಹಣ್ಣೇ ಬೇಕು. ದೋರೆಗಾಯಿಯ ಹಾಲು ಅಂಟಂಟು.

ಇನ್ನು ಕಪ್ಪಿನ ಕಥೆ. ಕರ್ನಾಟಕದ ಚಾಕೊಲೇಟ್ ಅಡಿಕೆ ತೋಟದ ನೆರಳಿನಲ್ಲಿ ಹುಟ್ಟಿದ್ದು. ಕರಾವಳಿಯ ಅಡಿಕೆ ಬೆಳೆಗಾರರು ಎಪ್ಪತ್ತರ ದಶಕದಲ್ಲಿ ಖಾಸಗಿ ಕಂಪನಿಯ ಮಾತಿಗೆ ಮರಗಳ ನಡುವೆ ಕೋಕೊ ನೆಟ್ಟರು. ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದಾಯಿತು. 1973ರಲ್ಲಿ ಅಡಿಕೆಗಾಗಿ ಕಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಗ ಕೋಕೊ ಖರೀದಿಗೂ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸ್ಥಾಪಕ ಅಧ್ಯಕ್ಷ ವಾರಣಾಶಿ ಸುಬ್ರಾಯ ಭಟ್ಟರ ಈ ಎದೆಗಾರಿಕೆಯನ್ನು ಅಡಿಕೆ ದರದ ಏರಿಳಿತ ನೋಡಿ ನೋಡಿ ಬೇಸತ್ತ ಹೊಳಲ್ಕೆರೆ, ಭೀಮಸಮುದ್ರದ ಬೆಳೆಗಾರರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಬೆಳೆಗಾರರೇ ಒಡೆಯರಾದ ಚಾಕೊಲೇಟ್ ಕಾರ್ಖಾನೆ ನಮ್ಮ ದೇಶದಲ್ಲಿ ಅಪರೂಪ.

ಕೋಕೊ ಕಾಯಿ ಒಡೆದರೆ ಬೀಜದ ಸುತ್ತ ಹಲಸಿನ ತೊಳೆಯ ಹಾಗೆ ಬಿಳಿ ತಿರುಳು, ಹುಳಿಸಿಹಿ. ಆ ತಿರುಳಿನ ಸಮೇತ ಬೀಜವನ್ನು ಐದಾರು ದಿನ ರಾಶಿ ಹಾಕಿ ಹುದುಗಿಸಿದರೇ ಚಾಕೊಲೇಟಿನ ವಾಸನೆ ಹುಟ್ಟುವುದು. ಹುದುಗುವಾಗ ಹುಳಿ ಬೀಜದೊಳಕ್ಕೆ ಇಳಿಯುತ್ತದೆ; ಒಣಗಿಸಿ ಹುರಿದ ಮೇಲೂ ಒಂದಿಷ್ಟು ಉಳಿಯುತ್ತದೆ. ಕೆಂಪು ಹುಳಿಹಣ್ಣು ಚಾಕೊಲೇಟಿಗೆ ಒಗ್ಗುವುದು ಈ ಕಾರಣಕ್ಕೆ. ಬಾಳೆಹಣ್ಣು ಹಾಕಿದರೆ ಸಿಹಿಗೆ ಸಿಹಿ ಸೇರಿ ಮಂಕಾಗುವ ರುಚಿ, ದಾಳಿಂಬೆ ಹಾಕಿದರೆ ಎಚ್ಚರಾಗುತ್ತದೆ. ಕೋಕೊ ಪುಡಿ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಿ. ಕ್ಷಾರ ಬೆರೆಸಿ ಕಪ್ಪಾಗಿಸಿದ ಪುಡಿಯಾದರೆ ದಾಳಿಂಬೆಯ ಕೆಂಪು ಅದಕ್ಕೆ ತಾಗಿದೊಡನೆ ಮಾಸಿ ಕೆಸರುನೀಲಿಯಾಗುತ್ತದೆ. ನನ್ನ ಮಟ್ಟಿಗೆ ಪುಡಿಗಿಂತ ಬಾರ್ ಮೇಲು, ಅದೂ ಕೋಕೊ ಅಂಶ ಅರ್ಧಕ್ಕಿಂತ ಹೆಚ್ಚಿರುವ ಡಾರ್ಕ್ ಬಗೆ. ಮಕ್ಕಳ ಹಾಲು ಚಾಕೊಲೇಟಿನಲ್ಲಿ ಸಕ್ಕರೆಯದ್ದೇ ಕಾರುಬಾರು.

60 ಗ್ರಾಂ ಚಾಕೊಲೇಟನ್ನು ತುರಿದು ಸ್ಟೀಲ್ ಬಟ್ಟಲಿಗೆ ಹಾಕಿ. ಬಟ್ಟಲು ಒಣಗಿರಬೇಕು, ಕರಗುವ ಚಾಕೊಲೇಟಿಗೆ ಎರಡು ಹನಿ ನೀರು ಬಿದ್ದರೆ ಮುದ್ದೆಗಟ್ಟಿ ಮರಳಾಗುತ್ತದೆ. ವಿಚಿತ್ರವೆಂದರೆ ನೀರಂಶ ಸ್ವಲ್ಪವಾದರೆ ಕೆಡುಕು, ಧಾರಾಳವಾದರೆ ಒಳಿತು. ಕುದಿಬಂದ ಗಟ್ಟಿ ಹಾಲು 100 ಮಿಲಿಲೀಟರ್ ಒಮ್ಮೆಲೇ ಸುರಿದು, ಒಂದು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಸಣ್ಣ ಸುತ್ತಿನಲ್ಲಿ ಕದಡುತ್ತ ಅಂಚಿಗೆ ಬನ್ನಿ. ಮೊದಲು ಒಡೆದ ಹಾಗೆ ಕಂಡು ಗಾಬರಿ ಹುಟ್ಟಿಸುತ್ತದೆ, ಮತ್ತೆ ಎಂಟು ಹತ್ತು ಸುತ್ತಿಗೆ ಹೊಳಪು ಬಂದು ನುಣ್ಣಗಾಗುತ್ತದೆ. ಒಂದು ಚಿಟಿಕೆ ಉಪ್ಪು ಮರೆಯಬೇಡಿ. ಇದು ಪೂರ್ತಿ ಆರುವ ಮೊದಲು ಐಸ್ ತೋರಿಸಬಾರದು. ಕೋಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಹಿರಿಯೂರು ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಚಾಕೊಲೇಟನ್ನು ನೆಕ್ಕಬೇಕಾಗುವುದು. ಬಿಸಿಯಿದ್ದಾಗಲೇ ಐಸ್‌ಗೆ ಹಾಕಿದರೆ ಆ ಬೆಣ್ಣೆ ಕಾಳುಕಾಳಾಗಿ ಹಲ್ಲಿಗೆ ಸಿಗುತ್ತದೆ.

ಮದ್ಯದ ಮಾತು. ಇದು ಮನೆಯಲ್ಲಿ ಮದ್ಯ ತಯಾರಿಸುವ ವಿದ್ಯೆಯಲ್ಲ, ಅದು ಅಪರಾಧ. ಅಂಗಡಿಯಲ್ಲಿ ಕೊಂಡದ್ದನ್ನು ಅಳತೆಯಲ್ಲಿ ಬೆರೆಸುವುದಷ್ಟೇ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ನಿಟ್ಟುಸಿರು ಬಿಟ್ಟ ಹೆಂಗಸರ ಜಿಲ್ಲೆಯಿದು, ಕುಡಿತವನ್ನು ಶೋಕಿ ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ಹಾಕುವುದಾದರೆ ಗ್ಲಾಸಿಗೆ 30 ಮಿಲಿಲೀಟರ್ ಡಾರ್ಕ್ ರಮ್ ಅಥವಾ ಬ್ರಾಂದಿ. ಬ್ರಾಂದಿ, ಕೋಕೊ ಲಿಕ್ಯೂರ್, ಕೆನೆ ಸೇರಿಸುವ ‘ಬ್ರಾಂದಿ ಅಲೆಕ್ಸಾಂಡರ್’ ಇಂಥ ಗ್ಲಾಸುಗಳ ಹಿರೀಕ. ನಮ್ಮಲ್ಲಿ ಬ್ರಾಂದಿ ಸುಲಭಕ್ಕೆ ಸಿಗುವುದರಿಂದ ಅದೇ ದಾರಿ ಸಲೀಸು. ವೋಡ್ಕಾ ಹಾಕುವವರಿದ್ದಾರೆ, ಅಮಲಿನ ಹೊರತು ಅದು ಇಲ್ಲಿ ಬೇರೇನನ್ನೂ ಕೊಡುವುದಿಲ್ಲ. ನಮ್ಮ ದೇಶದ ರಮ್ಮು, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಸಿಹಿ ಅದರ ಖಾರವನ್ನು ಪೂರಾ ಮುಚ್ಚಿಬಿಡುವುದರಿಂದ ಎರಡನೇ ಗ್ಲಾಸು ಕೇಳುವವರಿಗೆ ಸಿಹಿಯಷ್ಟನ್ನೇ ಕೊಡುವುದು ಜಾಣತನ.

ಶೇಕರ್ ಬೇಕಾಗಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಆರಿದ ಚಾಕೊಲೇಟ್ ಹಾಲು, ರಮ್ಮು, ಒಂದು ಹಿಡಿ ಐಸ್ ಹಾಕಿ ಬಟ್ಟೆ ಸುತ್ತಿ ಕುಲುಕಿ. ಡಬ್ಬಿಯ ಮೈಮೇಲೆ ಬೆವರು ಮೂಡಿದರೆ ಸಾಕು. ಗ್ಲಾಸಿನ ತಳಕ್ಕೆ ದಾಳಿಂಬೆ ಪಾಕ ಎರಡು ದೊಡ್ಡ ಚಮಚ, ಅದರ ಮೇಲೆ ಚಮಚದ ಬೆನ್ನಿಗೆ ತಾಗಿಸಿ ನಿಧಾನಕ್ಕೆ ಚಾಕೊಲೇಟ್. ಪಾಕ ಭಾರ, ಕೆಳಗೇ ಕೂರುತ್ತದೆ. ಎರಡನ್ನೂ ಡಬ್ಬಿಯಲ್ಲೇ ಕುಲುಕಿದರೆ ಕೆಲಸ ಕೆಟ್ಟಿತು: ಹುಳಿಗೆ ಹಾಲು ಒಡೆಯುತ್ತದೆ. ಬೆಲ್ಲದ ಪಾಯಸಕ್ಕೆ ಹಾಲು ಯಾವಾಗ ಹಾಕಬೇಕೆಂದು ಬಲ್ಲ ಕೈಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯುವವರು ಚಮಚದಲ್ಲಿ ತಳದಿಂದ ಎತ್ತಿಕೊಂಡು ತಾವೇ ಬೆರೆಸಿಕೊಳ್ಳಲಿ, ಒಡೆಯುವಷ್ಟು ಹೊತ್ತು ಗ್ಲಾಸು ಉಳಿಯುವುದಿಲ್ಲ.

ಮದ್ಯ ಬೇಡದ ಮನೆಗಳಿಗೆ, ನಮ್ಮಲ್ಲಿ ಅವೇ ಹೆಚ್ಚು, ಹಾಲಿನ ಜಾಗದಲ್ಲಿ ಮೊದಲ ಹಿಂಡಿನ ಕಾಯಿಹಾಲು ಹಾಕಿ ಎನ್ನುತ್ತೇನೆ. ತೆಂಗು ಹೊಸದುರ್ಗ, ಹಿರಿಯೂರುಗಳ ಹಿತ್ತಿಲಿನದು. ಕಾಯಿಹಾಲಿಗೆ ಹುಳಿಯ ಭಯ ಹಸುವಿನ ಹಾಲಿನಷ್ಟಿಲ್ಲ, ಆದ್ದರಿಂದ ಪಾಕವನ್ನು ಧೈರ್ಯವಾಗಿ ಬೆರೆಸಿ ನೇರಳೆಗಪ್ಪು ಬಣ್ಣ ಬರಿಸಬಹುದು. ಕುದಿಸಬಾರದು, ಕೈ ಸುಡುವಷ್ಟು ಕಾಯಿಸಿದರೆ ಸಾಕು. ರಮ್ಮಿನ ಖಾರದ ಬದಲು ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಹಾಕಿದರೆ ಗ್ಲಾಸಿಗೆ ಬೆನ್ನೆಲುಬು ಬರುತ್ತದೆ. ನಿಜ ಹೇಳಬೇಕೆಂದರೆ ಎರಡರಲ್ಲಿ ನನಗೆ ಇದೇ ಇಷ್ಟ.

ನೆಂಟರಲ್ಲಿ ಎರಡೂ ಬಗೆಯವರಿದ್ದರೆ ಮಕ್ಕಳ, ಹಿರಿಯರ ಗ್ಲಾಸುಗಳನ್ನು ಮೊದಲು ಸುರಿದು ಕೊಟ್ಟು, ಆಮೇಲೆ ಬಾಟಲಿಯ ಮುಚ್ಚಳ ತೆಗೆಯಿರಿ. ಒಂದೇ ಬಣ್ಣದ ಗ್ಲಾಸುಗಳು ಅದಲುಬದಲಾಗುವುದು ಬಹಳ ಸುಲಭ. ಮೇಲೆ ನಾಲ್ಕು ದಾಳಿಂಬೆ ಕಾಳು ಉದುರಿಸಿ, ಪುದೀನ ಬೇಡ. ಉಳಿದ ಪಾಕ ಗಾಜಿನ ಶೀಷೆಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ಮೋಸವಿಲ್ಲ. ಬೆಳಿಗ್ಗೆ ದೋಸೆಗೆ ಹಚ್ಚಿಕೊಳ್ಳಲು ಮಕ್ಕಳು ಅದನ್ನು ಅಷ್ಟು ದಿನ ಬಿಟ್ಟರೆ.