ಕ್ಯೂಬ್‌ಕಾನ್ಫಿಗ್

ಕ್ಯೂಬ್‌ಕಾನ್ಫಿಗ್ ಎಂಬುದು ಕ್ಯೂಬರ್ನೆಟೀಸ್ ಕ್ಲಸ್ಟರ್‌ಗಳನ್ನು ಸಂಪರ್ಕಿಸಲು ಬೇಕಾದ ವಿಳಾಸ ಮತ್ತು ಲಾಗಿನ್ ವಿವರಗಳನ್ನು ಒಳಗೊಂಡ ಸಂರಚನಾ ಕಡತವಾಗಿದೆ. ಇದನ್ನು ಮುಖ್ಯವಾಗಿ ಕ್ಯೂಬ್‌ಕಂಟ್ರೋಲ್ ಎಂಬ ಕಮಾಂಡ್ ಲೈನ್ ಸಾಧನವು ಬಳಸುತ್ತದೆ. ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ಕ್ಯೂಬರ್ನೆಟೀಸ್, ಕ್ಲಸ್ಟರ್ ಎಂದು ಕರೆಯಲಾಗುವ ಗಣಕ ಸಮೂಹದ ಮೇಲೆ ಕಂಟೈನರ್‌ಗಳನ್ನು ನಿರ್ವಹಿಸುವ ಮುಕ್ತ ತಂತ್ರಾಂಶವಾಗಿದೆ. ಅಭಿವೃದ್ಧಿ, ಪರೀಕ್ಷೆ ಮತ್ತು ಸಾರ್ವಜನಿಕ ಬಳಕೆಗೆ ಪ್ರತ್ಯೇಕ ಪರಿಸರಗಳನ್ನು ಇರಿಸುವುದು ವಾಡಿಕೆಯಾದ್ದರಿಂದ, ಒಂದೇ ಗಣಕದಿಂದ ಹಲವು ಕ್ಲಸ್ಟರ್‌ಗಳನ್ನು ಬೇರೆ ಬೇರೆ ಲಾಗಿನ್‌ಗಳ ಮೂಲಕ ಪ್ರವೇಶಿಸಬೇಕಾಗುತ್ತದೆ.

ರಚನೆ

ಯಾಮಲ್ ರೂಪದಲ್ಲಿರುವ ಈ ಕಡತದಲ್ಲಿ ಮೂರು ಪಟ್ಟಿಗಳಿರುತ್ತವೆ.

• ಕ್ಲಸ್ಟರ್: ಸರ್ವರ್‌ನ ವಿಳಾಸ ಮತ್ತು ಅದರ ನೈಜತೆಯನ್ನು ಪರಿಶೀಲಿಸುವ ಪ್ರಮಾಣಪತ್ರ.
• ಬಳಕೆದಾರ: ಟೋಕನ್, ಪ್ರಮಾಣಪತ್ರ ಮೊದಲಾದ ಗುರುತಿನ ಪುರಾವೆ.
• ಕಾಂಟೆಕ್ಸ್ಟ್: ಒಂದು ಕ್ಲಸ್ಟರ್ ಮತ್ತು ಒಬ್ಬ ಬಳಕೆದಾರನನ್ನು ಜೋಡಿಸುವ ಹೆಸರು. ಬೇಕಿದ್ದಲ್ಲಿ ನೇಮ್‌ಸ್ಪೇಸ್ ಅನ್ನೂ ಸೇರಿಸಬಹುದು.

ಈ ವಿಂಗಡಣೆಯಿಂದಾಗಿ ಒಂದೇ ಕ್ಲಸ್ಟರ್‌ಗೆ ಎರಡು ಕಾಂಟೆಕ್ಸ್ಟ್‌ಗಳನ್ನು ರಚಿಸಬಹುದು. ಉದಾಹರಣೆಗೆ, ಒಂದನ್ನು ಮಾಹಿತಿ ಓದಲು ಮಾತ್ರ ಅನುಮತಿಯಿರುವ ಲಾಗಿನ್‌ಗೂ ಮತ್ತೊಂದನ್ನು ಪೂರ್ಣ ಅಧಿಕಾರವಿರುವ ಲಾಗಿನ್‌ಗೂ ಮೀಸಲಿಡಬಹುದು.

ಕಡತದ ಆಯ್ಕೆ

ಆದೇಶದ ಜೊತೆಯಲ್ಲೇ ಕಡತವನ್ನು ಸೂಚಿಸಿದ್ದರೆ ಅದೊಂದನ್ನೇ ಬಳಸಲಾಗುತ್ತದೆ. ಇಲ್ಲವಾದರೆ ಕ್ಯೂಬ್‌ಕಾನ್ಫಿಗ್ ಎಂಬ ಹೆಸರಿನ ಪರಿಸರ ಚರಾಂಶದಲ್ಲಿ ಪಟ್ಟಿಮಾಡಿದ ಕಡತಗಳನ್ನು ಒಂದುಗೂಡಿಸಿ ಓದಲಾಗುತ್ತದೆ. ಎರಡೂ ಇಲ್ಲದಿದ್ದಾಗ ಬಳಕೆದಾರನ ಹೋಮ್ ಕಡತಕೋಶದಲ್ಲಿರುವ ಪೂರ್ವನಿಯೋಜಿತ ಕಡತವು ಬಳಕೆಯಾಗುತ್ತದೆ.

ಪ್ರಸ್ತುತ ಕಾಂಟೆಕ್ಸ್ಟ್ ಮತ್ತು ಅಪಾಯಗಳು

ಬೇರೆ ಸೂಚನೆಯಿಲ್ಲದ ಆದೇಶಗಳು ಕಡತದಲ್ಲಿ ನಮೂದಾದ ಪ್ರಸ್ತುತ ಕಾಂಟೆಕ್ಸ್ಟ್‌ಗೆ ಅನ್ವಯಿಸುತ್ತವೆ. ‘ಯೂಸ್-ಕಾಂಟೆಕ್ಸ್ಟ್’ ಆದೇಶವು ಈ ನಮೂದನ್ನು ಕಡತದಲ್ಲಿಯೇ ಬದಲಿಸುತ್ತದೆ. ಆದ್ದರಿಂದ ಒಂದು ಟರ್ಮಿನಲ್ ಕಿಟಕಿಯಲ್ಲಿ ಮಾಡಿದ ಬದಲಾವಣೆ, ಅದೇ ಕಡತವನ್ನು ಬಳಸುವ ಉಳಿದೆಲ್ಲ ಕಿಟಕಿಗಳಿಗೂ ಅನ್ವಯವಾಗುತ್ತದೆ. ಪರೀಕ್ಷಾ ಪರಿಸರವೆಂದು ಭಾವಿಸಿ ನೀಡಿದ ಅಳಿಸುವ ಆದೇಶವು ಸಾರ್ವಜನಿಕ ಸೇವೆಯನ್ನೇ ಅಳಿಸಿಹಾಕುವ ಸಾಧ್ಯತೆಯಿರುವುದು ಈ ಕಾರಣದಿಂದ.

ಇದನ್ನು ತಪ್ಪಿಸಲು ಪ್ರತಿ ಆದೇಶದಲ್ಲೂ ಕಾಂಟೆಕ್ಸ್ಟ್‌ನ ಹೆಸರನ್ನು ನಮೂದಿಸಬಹುದು ಅಥವಾ ಪರಿಸರ ಚರಾಂಶದ ಮೂಲಕ ಪ್ರತಿ ಕಿಟಕಿಗೂ ಪ್ರತ್ಯೇಕ ಕಡತವನ್ನು ನಿಗದಿಪಡಿಸಬಹುದು. ಸಾರ್ವಜನಿಕ ಪರಿಸರದ ದೈನಂದಿನ ಕೆಲಸಕ್ಕೆ ಓದಲು ಮಾತ್ರ ಅನುಮತಿಯಿರುವ ಲಾಗಿನ್ ಬಳಸಿದರೆ, ಕಾಂಟೆಕ್ಸ್ಟ್ ತಪ್ಪಿದರೂ ಅಳಿಸುವ ಆದೇಶವನ್ನು ಕ್ಲಸ್ಟರ್ ನಿರಾಕರಿಸುತ್ತದೆ.

ಈ ಕಡತದಲ್ಲಿ ರಹಸ್ಯ ಟೋಕನ್‌ಗಳು ಇರಬಹುದಾದ್ದರಿಂದ ಅದನ್ನು ಇತರರೊಂದಿಗೆ ಹಂಚಿಕೊಳ್ಳುವುದು ಸುರಕ್ಷಿತವಲ್ಲ. ಲಾಗಿನ್ ಪಡೆಯಲು ಬೇರೊಂದು ಪ್ರೋಗ್ರಾಂ ಅನ್ನು ಚಲಾಯಿಸುವಂತೆ ಕಡತದಲ್ಲಿ ಸೂಚಿಸಲು ಅವಕಾಶವಿರುವುದರಿಂದ, ಅಪರಿಚಿತ ಮೂಲದ ಕಡತಗಳನ್ನು ಪರಿಶೀಲಿಸದೆ ಬಳಸುವುದೂ ಅಪಾಯಕಾರಿ.